ಎಷ್ಟು ಇಳಿಸಬೇಕು ಎಂದು ಕೇಳುವ ಮೊದಲು: ಮೂತ್ರಪಿಂಡ ರೋಗಿಗಳ ರಕ್ತದೊತ್ತಡ



ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರ ಬಿಪಿಯನ್ನು ಎಷ್ಟಕ್ಕೆ ಇಳಿಸಬೇಕು ಎಂಬ ಪ್ರಶ್ನೆಗೆ ಜಗತ್ತಿನ ತಜ್ಞರ ಸಮಿತಿಗಳು ಕಳೆದ ಹದಿನೈದು ವರ್ಷಗಳಲ್ಲಿ ಒಂದೇ ಉತ್ತರ ಕೊಟ್ಟಿಲ್ಲ. ಕೆಡಿಗೋ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ 2012ರಲ್ಲಿ 140/90 ಸಾಕು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೋಗುತ್ತಿದ್ದರೆ ಮಾತ್ರ 130/80 ಎಂದಿತು. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಎಲ್ಲರಿಗೂ 130/80 ಎಂದವು. 2021ರಲ್ಲಿ ಅದೇ ಕೆಡಿಗೋ ಮೇಲಿನ ಸಂಖ್ಯೆ 120ಕ್ಕಿಂತ ಕೆಳಗಿರಲಿ ಎಂದು ಹೇಳಿತು. ಒಂಬತ್ತು ವರ್ಷಗಳಲ್ಲಿ ಒಂದೇ ಸಂಸ್ಥೆಯ ಗುರಿ ಇಪ್ಪತ್ತು ಅಂಕ ಕೆಳಗಿಳಿಯಿತು. ಇದನ್ನು ನೋಡಿ, ಡಾಕ್ಟರುಗಳಿಗೇ ಗೊತ್ತಿಲ್ಲದ್ದನ್ನು ರೋಗಿ ಯಾಕೆ ಪಾಲಿಸಬೇಕು ಎಂದು ಯಾರಾದರೂ ಕೇಳಿದರೆ ತಪ್ಪು ಹೇಳಲಾಗದು. ಆದರೆ ಈ ಸಂಖ್ಯೆಗಳ ಹಿಂದಿರುವ ಪ್ರಯೋಗಗಳನ್ನು ಒಂದೊಂದಾಗಿ ಓದುತ್ತ ಹೋದರೆ ಗೊಂದಲ ಬಹುಮಟ್ಟಿಗೆ ಕರಗುತ್ತದೆ. ಅವು ಪರಸ್ಪರ ಜಗಳವಾಡುತ್ತಿಲ್ಲ. ಬೇರೆ ಬೇರೆ ಜನರ ಬಗ್ಗೆ, ಬೇರೆ ಬೇರೆ ಅಂಗಗಳ ಬಗ್ಗೆ ಮಾತಾಡುತ್ತಿವೆ. ನನ್ನ ವಾದ ಇಷ್ಟೇ: ಮೂತ್ರಪಿಂಡದ ಮಟ್ಟಿಗೆ, ಎಷ್ಟು ಇಳಿಸಬೇಕು ಎಂಬುದಕ್ಕಿಂತ ಯಾರಲ್ಲಿ ಇಳಿಸುತ್ತಿದ್ದೇವೆ, ಯಾವ ಮಾತ್ರೆಯಿಂದ ಇಳಿಸುತ್ತಿದ್ದೇವೆ ಎಂಬ ಪ್ರಶ್ನೆ ದೊಡ್ಡದು. ಅದಕ್ಕೆ ಉತ್ತರ ತೋಳಿಗೆ ಸುತ್ತುವ ಪಟ್ಟಿಯಲ್ಲಿ ಸಿಗುವುದಿಲ್ಲ, ಮೂತ್ರದ ಪರೀಕ್ಷೆಯಲ್ಲಿ ಸಿಗುತ್ತದೆ. ಆ ಪರೀಕ್ಷೆಯನ್ನು ನಾವು ಬಿಪಿ ರೋಗಿಗಳಿಗೆ ಮಾಡಿಸುತ್ತಿಲ್ಲ.

ಈ ಎರಡು ಪರೀಕ್ಷೆಗಳ ಪೈಕಿ ಹಿರಿಯದು ಮೂತ್ರದ್ದೇ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ಮೈ ಊದಿಕೊಂಡ ರೋಗಿಗಳ ವರದಿಗಳನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದ ಸಲಕರಣೆ ಒಂದು ಚಮಚ, ಒಂದು ಮೇಣದಬತ್ತಿ. ಚಮಚದಲ್ಲಿ ಒಂದಿಷ್ಟು ಮೂತ್ರ ತೆಗೆದುಕೊಂಡು ಬತ್ತಿಯ ಉರಿಯ ಮೇಲೆ ಹಿಡಿದರೆ, ಅದರಲ್ಲಿ ಆಲ್ಬುಮಿನ್ ಇದ್ದಾಗ ಬೆಳ್ಳಗೆ ಕದಡಿ ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತ ಮೇಲೆ ಶವಪರೀಕ್ಷೆ ಮಾಡಿದರೆ ಕುಗ್ಗಿ ಗಟ್ಟಿಯಾದ ಮೂತ್ರಪಿಂಡಗಳು ಕಾಣುತ್ತಿದ್ದವು. ಜೊತೆಗೆ ಹಲವರಲ್ಲಿ ಹೃದಯ ದಪ್ಪಗಾಗಿರುತ್ತಿತ್ತು, ಕವಾಟಗಳು ಸರಿಯಿದ್ದರೂ. 1836ರಲ್ಲಿ ಬ್ರೈಟ್ ಇದಕ್ಕೆ ಕಾರಣ ಊಹಿಸಿದರು: ಕೆಟ್ಟ ರಕ್ತ ಸಣ್ಣ ನಾಳಗಳಲ್ಲಿ ಹರಿಯಲು ಹೆಣಗುವುದರಿಂದ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಒತ್ತಡ ಅಳೆಯುವ ತೋಳಪಟ್ಟಿಯನ್ನು ಇಟಲಿಯ ರಿವಾ-ರೋಚ್ಚಿ ತಂದದ್ದು 1896ರಲ್ಲಿ, ಅಂದರೆ ಅರವತ್ತು ವರ್ಷಗಳ ನಂತರ. ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಅಳೆಯುವ ಕ್ರಮವನ್ನು ರಷ್ಯಾದ ಕೊರೊಟ್ಕಾಫ್ ಹೇಳಿಕೊಟ್ಟದ್ದು 1905ರಲ್ಲಿ. ಪಟ್ಟಿ ಬಂದಮೇಲೆ ಸಂಖ್ಯೆ ಬಂತು. ಸಂಖ್ಯೆ ಬಂದಮೇಲೆ ಚಮಚ ಮೂಲೆ ಸೇರಿತು.

ಕಾಯಿಲೆ ಮೊದಲೋ ಒತ್ತಡ ಮೊದಲೋ ಎಂಬ ಚರ್ಚೆ ಆಮೇಲೆ ಬಹಳ ಕಾಲ ನಡೆಯಿತು. ಸ್ಟಾಕ್‌ಹೋಮಿನಲ್ಲಿ ಟೀಗರ್‌ಸ್ಟೆಟ್ ಮತ್ತು ಬರ್ಗ್‌ಮನ್ 1898ರಲ್ಲಿ ಮೊಲದ ಮೂತ್ರಪಿಂಡದ ಸಾರವನ್ನು ಇನ್ನೊಂದು ಮೊಲಕ್ಕೆ ಚುಚ್ಚಿ ಒತ್ತಡ ಏರುವುದನ್ನು ತೋರಿಸಿದರು. ಆ ಸಾರಕ್ಕೆ ರೆನಿನ್ ಎಂದು ಹೆಸರಿಟ್ಟರು. 1934ರಲ್ಲಿ ಕ್ಲೀವ್‌ಲ್ಯಾಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಮೂತ್ರಪಿಂಡದ ಧಮನಿಗೆ ಬೆಳ್ಳಿಯ ಕ್ಲಿಪ್ ಹಾಕಿ ಬಿಗಿ ಮಾಡಿದಾಗ ಬಿಪಿ ಏರಿ ಅಲ್ಲೇ ನಿಂತಿತು. ರಕ್ತ ಕಡಿಮೆ ಬಂತೆಂದು ತಿಳಿದ ಮೂತ್ರಪಿಂಡ ಇಡೀ ದೇಹದ ಒತ್ತಡ ಏರಿಸುತ್ತದೆ, ಉಪ್ಪು ನೀರು ಹಿಡಿದಿಟ್ಟುಕೊಳ್ಳುತ್ತದೆ. ಇದು ಒಂದು ದಿಕ್ಕು. ಇನ್ನೊಂದು ದಿಕ್ಕಿನಲ್ಲಿ, ಏರಿದ ಒತ್ತಡ ಮೂತ್ರಪಿಂಡದೊಳಗಿನ ಸೂಕ್ಷ್ಮನಾಳಗಳ ಗಂಟುಗಳ ಮೇಲೆ ಬೀಳುತ್ತದೆ. ಆರೋಗ್ಯವಂತರಲ್ಲಿ ಗಂಟಿನ ಬಾಯಲ್ಲಿರುವ ನಾಳ ಬಿಗಿದುಕೊಂಡು ಹೊರಗಿನ ಏರಿಳಿತವನ್ನು ಒಳಗೆ ಬಿಡುವುದಿಲ್ಲ. ರೋಗ ಬಂದು ಕೆಲವು ಗಂಟುಗಳು ಸತ್ತಮೇಲೆ ಉಳಿದವು ಸತ್ತವುಗಳ ಪಾಲನ್ನೂ ಸೋಸಬೇಕು; ಬಾಯಿ ಸಡಿಲಗೊಳ್ಳುತ್ತದೆ, ಒಳಗಿನ ಒತ್ತಡ ಏರುತ್ತದೆ, ಜರಡಿಯ ಕಣ್ಣು ಹಿಗ್ಗಿದ ಹಾಗೆ ಆಲ್ಬುಮಿನ್ ಸೋರತೊಡಗುತ್ತದೆ. ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಹಾಗಾಗಿ ಮೂತ್ರದ ಆಲ್ಬುಮಿನ್ ಬರೀ ಹಾನಿಯ ಗುರುತು ಮಾತ್ರವಲ್ಲ. ತೋಳಿನಲ್ಲಿ ಅಳೆದ ಒತ್ತಡ ಗಂಟಿನೊಳಕ್ಕೆ ಎಷ್ಟು ಇಳಿಯುತ್ತಿದೆ ಎಂಬುದಕ್ಕೆ ಹೊರಗಿನಿಂದ ಸಿಗುವ ಹತ್ತಿರದ ಸಾಕ್ಷಿ ಅದು.

ಮನುಷ್ಯರ ಮೇಲಿನ ಪ್ರಯೋಗಗಳಿಗೆ ಬರೋಣ. 1994ರಲ್ಲಿ ಪ್ರಕಟವಾದ ಅಮೆರಿಕದ ಎಂಡಿಆರ್‌ಡಿ ಅಧ್ಯಯನದಲ್ಲಿ 840 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಸುಮಾರು 125/75ಕ್ಕೆ ಸಮನಾದ ಗುರಿ, ಉಳಿದವರಿಗೆ 140/90ಕ್ಕೆ ಸಮನಾದದ್ದು. ಒಟ್ಟು ಲೆಕ್ಕದಲ್ಲಿ ಮೂತ್ರಪಿಂಡ ಕುಸಿಯುವ ವೇಗದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಆರಂಭದಲ್ಲೇ ಮೂತ್ರದಲ್ಲಿ ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ಹೋಗುತ್ತಿದ್ದವರಲ್ಲಿ ಕಡಿಮೆ ಬಿಪಿಯ ಗುಂಪು ಸ್ಪಷ್ಟವಾಗಿ ಮೇಲಾಯಿತು. ಆಮೇಲೆ ಆಫ್ರಿಕನ್ ಅಮೆರಿಕನ್ನರ ಮೇಲೆ ನಡೆದ ಆಸ್ಕ್ ಪ್ರಯೋಗ ಬಂತು; 1094 ಜನ, ಎಲ್ಲರಿಗೂ ಬಿಪಿಯಿಂದಲೇ ಮೂತ್ರಪಿಂಡ ಕೆಟ್ಟಿದೆ ಎಂದು ಗುರುತಿಸಲಾಗಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ. ಒಂದು ಗುಂಪಿನ ಬಿಪಿ 128/78ಕ್ಕೆ, ಇನ್ನೊಂದರದು 141/85ಕ್ಕೆ ನಿಂತಿತು. 2002ರಲ್ಲಿ ಬಂದ ಫಲಿತಾಂಶ ಬಹಳ ಜನರನ್ನು ನಿರಾಸೆಗೊಳಿಸಿತು: ಮೂತ್ರಪಿಂಡದ ಕುಸಿತದಲ್ಲಿ ವ್ಯತ್ಯಾಸವಿಲ್ಲ. ಅದೇ ಜನರನ್ನು ಮತ್ತೆ ವರ್ಷಗಟ್ಟಲೆ ಹಿಂಬಾಲಿಸಿ 2010ರಲ್ಲಿ ಕೊಟ್ಟ ವರದಿಯಲ್ಲೂ ಒಟ್ಟಾರೆ ವ್ಯತ್ಯಾಸವಿಲ್ಲ. ಆದರೆ ಆರಂಭದಲ್ಲಿ ಪ್ರೋಟೀನ್ ಸೋರುತ್ತಿದ್ದವರನ್ನು ಬೇರೆ ಮಾಡಿ ನೋಡಿದಾಗ ಕಡಿಮೆ ಗುರಿಯಿಂದ ಲಾಭ ಕಂಡಿತು. ಎರಡು ಪ್ರಯೋಗ, ಎರಡು ಬೇರೆ ಜನಸಮುದಾಯ, ಉತ್ತರ ಮಾತ್ರ ಒಂದೇ ಕಡೆ ಬೆರಳು ಮಾಡುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದಕ್ಕೆ ಅನುಕೂಲ, ಆದರೆ ಅದು ಪ್ರಾಮಾಣಿಕವಾಗದು. ಇಟಲಿಯಲ್ಲಿ ನಡೆದ ರೀನ್-2 ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 338 ಜನರೂ ಪ್ರೋಟೀನ್ ಸೋರುತ್ತಿದ್ದವರೇ, ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದವರೇ. ಅರ್ಧ ಜನರಿಗೆ ಫೆಲೊಡಿಪಿನ್ ಸೇರಿಸಿ ಬಿಪಿ ಇನ್ನಷ್ಟು ಇಳಿಸಿದರೆ ಡಯಾಲಿಸಿಸ್ ಮುಂದೂಡಲಿಲ್ಲ. ಪ್ರೋಟೀನ್ ಇದ್ದವರಿಗೆ ಲಾಭ ಎಂಬ ಮಾತು ಬಿದ್ದುಹೋಯಿತೇ? ನನಗೆ ಹಾಗೆ ಕಾಣುವುದಿಲ್ಲ. ಎರಡು ಗುಂಪುಗಳ ನಡುವೆ ಸಿಕ್ಕ ವ್ಯತ್ಯಾಸ ನಾಲ್ಕು ಅಂಕದ ಆಸುಪಾಸು ಮಾತ್ರ. ಇಳಿಸಿದ ಮಾತ್ರೆಯೂ ಗಂಟಿನ ಬಾಯಿಯ ನಾಳವನ್ನೇ ಹಿಗ್ಗಿಸುವ ಜಾತಿಯದು. ತೋಳಿನ ಒತ್ತಡ ಇಳಿದರೂ ಗಂಟಿನೊಳಗಿನದು ಅಷ್ಟೇ ಇಳಿಯುತ್ತದೆ ಎನ್ನುವಂತಿಲ್ಲ. ಇದು ನನ್ನ ಅನುಕೂಲಕ್ಕೆ ಹೆಣೆದ ವಿವರಣೆ ಎಂದು ಯಾರಾದರೂ ಅಂದರೆ, 2001ರ ಐಡಿಎನ್‌ಟಿ ಪ್ರಯೋಗವನ್ನು ಅವರ ಮುಂದಿಡುತ್ತೇನೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಿದ್ದ 1715 ಜನರಲ್ಲಿ ಒಂದು ಗುಂಪಿಗೆ ಇರ್ಬೆಸಾರ್ಟನ್, ಒಂದಕ್ಕೆ ಫೆಲೊಡಿಪಿನ್ ಜಾತಿಯದೇ ಆದ ಆಮ್ಲೊಡಿಪಿನ್, ಒಂದಕ್ಕೆ ಹುಸಿಮಾತ್ರೆ. ಮೊದಲೆರಡು ಗುಂಪುಗಳ ಬಿಪಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯಿತು. ಆದರೂ ಮೂತ್ರಪಿಂಡ ಕುಂದಿದಂತೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಇಮ್ಮಡಿಯಾಗುವುದು, ಡಯಾಲಿಸಿಸ್, ಸಾವು ಇವೆಲ್ಲ ಸೇರಿದ ಅಪಾಯ ಇರ್ಬೆಸಾರ್ಟನ್ ಗುಂಪಿನಲ್ಲಿ ಆಮ್ಲೊಡಿಪಿನ್ ಗುಂಪಿಗಿಂತ ಶೇ 23ರಷ್ಟು ಕಡಿಮೆ. ಒಂದೇ ಬಿಪಿ, ಬೇರೆ ಬೇರೆ ಗತಿ. ಇರ್ಬೆಸಾರ್ಟನ್, ಲೊಸಾರ್ಟನ್, ಟೆಲ್ಮಿಸಾರ್ಟನ್‌ಗಳು ಗಂಟಿನಿಂದ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನೇ ತಗ್ಗಿಸುತ್ತವೆ. 1993ರಲ್ಲಿ ಇಂಥದೇ ಕೆಲಸ ಮಾಡುವ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೊಸಾರ್ಟನ್ ತೋರಿಸಿದ ಲಾಭವೂ ಪ್ರೋಟೀನ್ ಸೋರುವ ಸಕ್ಕರೆ ರೋಗಿಗಳಲ್ಲೇ.

ಈಗ ಬಲವಾದ ಆಕ್ಷೇಪಣೆ. 2015ರ ಸ್ಪ್ರಿಂಟ್ ಪ್ರಯೋಗ ಈ ಚರ್ಚೆಯನ್ನೆಲ್ಲ ಮುಗಿಸಿಬಿಟ್ಟಿತಲ್ಲ, ಮೂತ್ರ ನೋಡುವ ಉಸಾಬರಿ ಯಾಕೆ, ಎಲ್ಲರನ್ನೂ 120ಕ್ಕೆ ಇಳಿಸಿದರಾಯಿತು ಎನ್ನುವವರಿದ್ದಾರೆ. 9361 ಜನರ ಆ ಪ್ರಯೋಗದಲ್ಲಿ 120ರ ಗುರಿಯ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ವೈಫಲ್ಯದಂಥವು ಶೇ 25ರಷ್ಟು, ಸಾವು ಶೇ 27ರಷ್ಟು ಕಡಿಮೆಯಾದವು. ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅವರಲ್ಲಿ 2646 ಮಂದಿಗೆ ಮೂತ್ರಪಿಂಡದ ಕಾಯಿಲೆಯಿತ್ತು, ಅವರಲ್ಲೂ ಸಾವು ಶೇ 28ರಷ್ಟು ಕಡಿಮೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೂತ್ರಪಿಂಡದ ಕಾಯಿಲೆಯವರಲ್ಲಿ ಬಹಳಷ್ಟು ಜನ ಡಯಾಲಿಸಿಸ್‌ವರೆಗೆ ಹೋಗುವುದೇ ಇಲ್ಲ, ಅದಕ್ಕೆ ಮೊದಲೇ ಹೃದಯದಿಂದ ಸಾಯುತ್ತಾರೆ. ಆದ್ದರಿಂದ ಹೃದಯ ಕಾಯುವುದು ಸಣ್ಣ ಮಾತಲ್ಲ. ಆದರೆ ಅದೇ 2646 ಜನರ ಮೂತ್ರಪಿಂಡಗಳು ಏನಾದವು? ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಇನ್ನೊಂದು ಸಂಗತಿ ಮುಖ್ಯ: ಸಕ್ಕರೆ ಕಾಯಿಲೆ ಇದ್ದವರನ್ನು, ಹಿಂದೆ ಪಾರ್ಶ್ವವಾಯು ಹೊಡೆದವರನ್ನು, ದಿನಕ್ಕೆ ಒಂದು ಗ್ರಾಮಿಗಿಂತ ಹೆಚ್ಚು ಪ್ರೋಟೀನ್ ಕಳೆದುಕೊಳ್ಳುವವರನ್ನು ಸ್ಪ್ರಿಂಟ್ ಸೇರಿಸಿಕೊಳ್ಳಲೇ ಇಲ್ಲ. ನಮ್ಮ ಡಯಾಲಿಸಿಸ್ ಕೇಂದ್ರಗಳ ಮುಂದೆ ಕುಳಿತಿರುವವರಲ್ಲಿ ದೊಡ್ಡ ಪಾಲು ಸಕ್ಕರೆ ಕಾಯಿಲೆಯವರು. ಯಾರ ಮೂತ್ರಪಿಂಡ ಬೇಗ ಕುಸಿಯುತ್ತದೋ ಅವರನ್ನು ಹೊರಗಿಟ್ಟ ಪ್ರಯೋಗದಿಂದ ಮೂತ್ರಪಿಂಡದ ಬಗ್ಗೆ ಉತ್ತರ ಕೇಳುವುದು ಸರಿಯಲ್ಲ. 2024ರಲ್ಲಿ ಚೀನಾದ ಬಿಪ್ರೋಡ್ ಪ್ರಯೋಗ 12,821 ಸಕ್ಕರೆ ರೋಗಿಗಳಲ್ಲಿ 120ರ ಗುರಿ ಹೃದಯಕ್ಕೆ ಒಳ್ಳೆಯದೆಂದು ತೋರಿಸಿ ಒಂದು ಕೊರತೆ ತುಂಬಿದೆ, ನಿಜ. ಅದು ಮತ್ತೆ ಹೃದಯದ ಲೆಕ್ಕವೇ.

ಸ್ಪ್ರಿಂಟ್‌ನ 120 ಎಂಬ ಸಂಖ್ಯೆ ಹುಟ್ಟಿದ ಕೋಣೆಯನ್ನೂ ನೋಡಬೇಕು. ರೋಗಿ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ತಾಗುವಂತೆ ಕೂರಬೇಕು. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಐದು ನಿಮಿಷ ಮಾತಿಲ್ಲದೆ ವಿಶ್ರಾಂತಿ. ನಂತರ ಯಂತ್ರ ತಾನಾಗಿ ಮೂರು ಸಲ ಅಳೆದು ಸರಾಸರಿ ಕೊಡುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ರೋಗಿ ಬಸ್ಸಿಳಿದು ಚೀಟಿ ಮಾಡಿಸಿ ಸರದಿಯಲ್ಲಿ ನಿಂತು ಸ್ಟೂಲಿನ ಮೇಲೆ ಕೂತ ತಕ್ಷಣ ತೋಳು ಚಾಚುತ್ತಾನೆ. ಅಂಗಿಯ ತೋಳು ಮೇಲೆ ಸುರುಟಿ ಬಿಗಿಯಾಗಿರುತ್ತದೆ. ಅಳೆಯುತ್ತಿರುವಾಗಲೇ ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂಬ ಮಾತು ನಡೆದಿರುತ್ತದೆ. ಬರೆಯುವ ಸಂಖ್ಯೆ ಸೊನ್ನೆಯಲ್ಲೇ ಮುಗಿಯುತ್ತದೆ: 140/90, 150/100. ಹೀಗೆ ನಮ್ಮಲ್ಲಿ ಅಳೆದ ಸಂಖ್ಯೆಯನ್ನು ಸ್ಪ್ರಿಂಟ್‌ನ ಗುರಿಗೆ ಹೋಲಿಸಿ ಮಾತ್ರೆ ಏರಿಸಿದರೆ ಕೆಲವರಿಗೆ ಬೇಡದ ಮಾತ್ರೆ ಸೇರುತ್ತದೆ. ಎದ್ದು ನಿಂತಾಗ ತಲೆ ತಿರುಗಿ ಬೀಳುವ ವಯಸ್ಸಾದವರು, ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಒಣಗಿದ ದಿನ ಮೂತ್ರಪಿಂಡ ತಟ್ಟನೆ ಕೈಕೊಡುವವರು ಇಂಥವರಲ್ಲಿ ಇರುತ್ತಾರೆ. ಸ್ಪ್ರಿಂಟ್‌ನಲ್ಲೇ 120ರ ಗುಂಪಿನಲ್ಲಿ ಮೂತ್ರಪಿಂಡದ ಹಠಾತ್ ಹಾನಿ ಹೆಚ್ಚು ಕಂಡಿತು. ನಮ್ಮಲ್ಲಿ ಅಳೆದ ಸಂಖ್ಯೆಯಿಂದ ಐದು ಅಂಕ ಕಳೆದು ಸರಿಪಡಿಸಿಕೊಂಡರಾಯಿತಲ್ಲ ಎಂದರೆ ಅದೂ ಆಗದು. ಎರಡು ಬಗೆಯ ಅಳತೆಗಳ ನಡುವೆ ಒಬ್ಬರಲ್ಲಿ ವ್ಯತ್ಯಾಸ ಇಪ್ಪತ್ತು, ಇನ್ನೊಬ್ಬರಲ್ಲಿ ಸೊನ್ನೆ. ಕೆಡಿಗೋ ಕೂಡ ತನ್ನ 120 ಕ್ರಮಬದ್ಧವಾಗಿ ಅಳೆದ ಬಿಪಿಗೆ ಮಾತ್ರ ಅನ್ವಯ ಎಂದು ಸ್ಪಷ್ಟವಾಗಿ ಬರೆದಿದೆ. ನಮ್ಮಲ್ಲಿ ಸಂಖ್ಯೆಯನ್ನು ತಂದುಕೊಂಡೆವು, ಷರತ್ತನ್ನು ಅಲ್ಲೇ ಬಿಟ್ಟು ಬಂದೆವು.

ಕ್ರಿಯಾಟಿನಿನ್ ಮಾಡಿಸುತ್ತೇವಲ್ಲ, ಮೂತ್ರ ಯಾಕೆ ಎಂಬುದು ಎರಡನೆಯ ಆಕ್ಷೇಪಣೆ. ವೈದ್ಯರಿಂದಲೇ ಹೆಚ್ಚು ಕೇಳಿಬರುವಂಥದ್ದು. ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಹೋಗುವವರೆಗೂ ಕ್ರಿಯಾಟಿನಿನ್ ಲ್ಯಾಬಿನ ನಾರ್ಮಲ್ ಅಂಕಣದೊಳಗೇ ಇರಬಹುದು, ಅದರಲ್ಲೂ ಮೈಯಲ್ಲಿ ಮಾಂಸಖಂಡ ಕಡಿಮೆಯಿರುವ ಬಡಕಲು ಹೆಂಗಸರಲ್ಲಿ, ವಯಸ್ಸಾದವರಲ್ಲಿ. ಆಲ್ಬುಮಿನ್ ವರ್ಷಗಳ ಮೊದಲೇ ಕಾಣಿಸುತ್ತದೆ. ಆದರೆ ಈ ಆಕ್ಷೇಪಣೆಯಲ್ಲೂ ಒಂದು ಹುರುಳಿದೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ ಕೂಲಿ ಕೃಷಿಕರನ್ನು ಕಾಡುತ್ತಿರುವ, ಕಾರಣ ಇನ್ನೂ ಖಚಿತವಾಗದ ಕಾಯಿಲೆಯಲ್ಲಿ ಬಿಪಿಯೂ ಬಹುಪಾಲು ಏರಿರುವುದಿಲ್ಲ, ಪ್ರೋಟೀನೂ ಹೆಚ್ಚು ಸೋರುವುದಿಲ್ಲ. ಅಲ್ಲಿ ಕ್ರಿಯಾಟಿನಿನ್ ಇಲ್ಲದೆ ರೋಗ ಹಿಡಿಯುವಂತಿಲ್ಲ. ಹಾಗಾಗಿ ಒಂದರ ಬದಲು ಇನ್ನೊಂದು ಎಂದು ನಾನು ಹೇಳುತ್ತಿಲ್ಲ. ಎರಡೂ ಬೇಕು, ಈಗ ಕೈಬಿಟ್ಟಿರುವುದು ಮೂತ್ರ.

ಮೂತ್ರದ ಫಲಿತಾಂಶ ಬರೀ ಭವಿಷ್ಯ ಹೇಳುವುದಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅದು ಬರೆಯುವ ಮೊದಲ ಮಾತ್ರೆಯನ್ನೇ ಬದಲಿಸುತ್ತದೆ. ದೇಶದ ಹಲವು ಕಡೆ ಸರ್ಕಾರಿ ಬಿಪಿ ಚಿಕಿತ್ಸಾಕ್ರಮ ಆಮ್ಲೊಡಿಪಿನ್‌ನಿಂದ ಶುರುವಾಗುತ್ತದೆ. ಸರಳ, ಅಗ್ಗ, ರಕ್ತಪರೀಕ್ಷೆಯ ತಾಪತ್ರಯವಿಲ್ಲ. ಲಕ್ಷಾಂತರ ಜನರಿಗೆ ಅದು ಒಳ್ಳೆಯ ಮಾತ್ರೆಯೇ, ಅದನ್ನು ದೂರುವ ಉದ್ದೇಶ ನನಗಿಲ್ಲ. ಆದರೆ ಆಲ್ಬುಮಿನ್ ಸೋರುತ್ತಿರುವವರಿಗೆ ಮೊದಲು ಸಿಗಬೇಕಾದದ್ದು ಟೆಲ್ಮಿಸಾರ್ಟನ್ ಜಾತಿಯದು. ಜನೌಷಧಿ ಕೇಂದ್ರದಲ್ಲಿ ಅದೂ ಅಗ್ಗ. (ಆಮ್ಲೊಡಿಪಿನ್‌ನಿಂದ ಕಾಲು ಊದಿದ್ದನ್ನು ಕಿಡ್ನಿಯ ಊತವೆಂದೂ, ಕಿಡ್ನಿಯ ಊತವನ್ನು ಮಾತ್ರೆಯದ್ದೆಂದೂ ಎರಡೂ ಕಡೆ ಎಡವುವುದುಂಟು; ಮೂತ್ರ ನೋಡಿದರೆ ಒಂದೇ ನಿಮಿಷದಲ್ಲಿ ಸುಳಿವು ಸಿಗುತ್ತದೆ.) ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೊಜಿನ್ 2020ರ ಡಾಪಾ-ಸಿಕೆಡಿ ಪ್ರಯೋಗದಲ್ಲಿ 4304 ಜನರ ಮೂತ್ರಪಿಂಡ ಕುಸಿತ ಮತ್ತು ಸಾವಿನ ಒಟ್ಟು ಅಪಾಯವನ್ನು ಶೇ 39ರಷ್ಟು ತಗ್ಗಿಸಿತು. ಆ ಪ್ರಯೋಗದಲ್ಲಿ ಭಾರತದ ರೋಗಿಗಳೂ ಇದ್ದರು. ಅದಕ್ಕೆ ಸೇರಬೇಕಾದರೆ ಮೂತ್ರದಲ್ಲಿ ಆಲ್ಬುಮಿನ್ ಇರಲೇಬೇಕಿತ್ತು. ಮೂತ್ರ ಪರೀಕ್ಷಿಸದ ವೈದ್ಯರಿಗೆ ಇಂಥ ರೋಗಿ ತಮ್ಮ ಎದುರಿಗೇ ಕೂತಿದ್ದರೂ ಗೊತ್ತಾಗುವುದಿಲ್ಲ.

ಮಾತ್ರೆ ಶುರು ಮಾಡಿದ ಮೇಲಿನ ಭಯಗಳನ್ನೂ ಪ್ರಯೋಗಗಳು ಒಂದಿಷ್ಟು ನಿವಾರಿಸಿವೆ. ಟೆಲ್ಮಿಸಾರ್ಟನ್ ಕೊಟ್ಟ ಎರಡು ಮೂರು ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಶೇ 30ರೊಳಗಿದ್ದರೆ, ಪೊಟ್ಯಾಶಿಯಂ ಮಿತಿಯಲ್ಲಿದ್ದರೆ ನಿಲ್ಲಿಸಬೇಕಿಲ್ಲ. ಕಿಡ್ನಿ ತೀರಾ ಕೆಟ್ಟಮೇಲೆ ಈ ಮಾತ್ರೆಗಳನ್ನು ನಿಲ್ಲಿಸಿದರೆ ಶಕ್ತಿ ಮರಳುತ್ತದೆ ಎಂಬ ನಂಬಿಕೆಯನ್ನು ಬ್ರಿಟನ್ನಿನ ಸ್ಟಾಪ್-ಎಸಿಇಐ ಪ್ರಯೋಗ 2022ರಲ್ಲಿ 411 ರೋಗಿಗಳ ಮೇಲೆ ಪರೀಕ್ಷಿಸಿತು, ನಿಲ್ಲಿಸಿದ್ದರಿಂದ ಲಾಭವಾಗಲಿಲ್ಲ. ಮೂತ್ರಪಿಂಡ ಕಾಯಿಲೆಯ ನಾಲ್ಕನೆಯ ಹಂತ ಮುಟ್ಟಿದವರಲ್ಲಿ ಕ್ಲೋರ್ಥಾಲಿಡೋನ್ ಎಂಬ ಬಿಪಿ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ದಶಕಗಳ ಕಾಲ ಪಠ್ಯಗಳಲ್ಲಿ ಬರೆದುಕೊಂಡು ಬಂದದ್ದನ್ನು ಅಮೆರಿಕದ ಇಂಡಿಯಾನಾದಲ್ಲಿ ರಾಜೀವ್ ಅಗರ್ವಾಲ್ ನಡೆಸಿದ ಕ್ಲಿಕ್ ಪ್ರಯೋಗ 2021ರಲ್ಲಿ ತಲೆಕೆಳಗು ಮಾಡಿತು. ಬರೀ 160 ರೋಗಿಗಳು, 12 ವಾರ. ದಿನವಿಡೀ ಯಂತ್ರ ಕಟ್ಟಿ ಅಳೆದ ಬಿಪಿ 11 ಅಂಕ ಇಳಿಯಿತು, ಹುಸಿಮಾತ್ರೆಯಲ್ಲಿ ಅರ್ಧ ಅಂಕ. ಇಷ್ಟು ಸಣ್ಣ ಪ್ರಯೋಗವೂ ಸರಿಯಾದ ಪ್ರಶ್ನೆ ಕೇಳಿದರೆ ಎಷ್ಟು ಉಪಯೋಗ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ಮಾತ್ರೆಯ ಜೊತೆಗೆ ಬರುವ ಉಪ್ಪಿನ ವಿಷಯ ಎಲ್ಲರಿಗೂ ತಿಳಿದದ್ದೇ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಕಡಿಮೆ ಮಾಡಿ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ಆರೋಗ್ಯವಂತರಿಗೆ ಒಳ್ಳೆಯದಾದ ಅದು ಮೂತ್ರಪಿಂಡ ಕುಂದಿದವರಲ್ಲಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಕೊನೆಯ ಆಕ್ಷೇಪಣೆ ಆಡಳಿತದವರದು. ಹಳ್ಳಿಗಳಲ್ಲಿ ಬಿಪಿ ಅಳೆಯುವುದಕ್ಕೇ ಜನ ಸಾಲದು, ಇನ್ನು ಮೂತ್ರ ಯಾರು ನೋಡುತ್ತಾರೆ? ಉತ್ತರ ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದೆ. ಬಸುರಿಯರ ತಪಾಸಣೆಯಲ್ಲಿ ಬಿಪಿ ಮತ್ತು ಮೂತ್ರದ ಆಲ್ಬುಮಿನ್ ಎರಡನ್ನೂ ಒಂದೇ ಸಲಕ್ಕೆ ನೋಡಿ ತಾಯಿ ಕಾರ್ಡಿನಲ್ಲಿ ಅಕ್ಕಪಕ್ಕ ಬರೆಯುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ತಾಯಿಯ ಜೀವಕ್ಕೆ ಅಪಾಯ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಪಟ್ಟಿ ಅದ್ದಿ ಬಣ್ಣ ನೋಡುವ ಆ ಪರೀಕ್ಷೆಗೆ ಒಂದು ನಿಮಿಷ ಬೇಕು, ಅದನ್ನು ಮಾಡಬಲ್ಲ ಸಿಬ್ಬಂದಿ ಅಲ್ಲಿದ್ದಾರೆ. ಆ ಪಟ್ಟಿ ಸಣ್ಣ ಪ್ರಮಾಣದ ಆಲ್ಬುಮಿನ್ ಹಿಡಿಯುವುದಿಲ್ಲ, ಜ್ವರ ಅಥವಾ ಮೂತ್ರದ ಸೋಂಕಿದ್ದಾಗ ಹುಸಿ ಫಲಿತಾಂಶ ಕೊಡಬಹುದು, ನಿಜ. ಅದಕ್ಕಾಗಿ ಮೂರು ತಿಂಗಳ ಅಂತರದಲ್ಲಿ ಮರುಪರೀಕ್ಷೆ ಮಾಡಬೇಕು, ಸಕ್ಕರೆ ಕಾಯಿಲೆಯವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಬೇಕು. ಆದರೆ ದಿನಕ್ಕೆ ಒಂದು ಗ್ರಾಮು ಪ್ರೋಟೀನ್ ಕಳೆದುಕೊಳ್ಳುವವರು, ಅಂದರೆ ಎಂಡಿಆರ್‌ಡಿಯಲ್ಲಿ ಕಡಿಮೆ ಬಿಪಿಯಿಂದ ಮೂತ್ರಪಿಂಡ ಉಳಿಸಿಕೊಂಡವರಂಥವರು, ಆ ಅಗ್ಗದ ಪಟ್ಟಿಗೂ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾರೆ. ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ: ಬಿಪಿ ರೋಗಿಗಳ ಕಾರ್ಡಿನಲ್ಲಿ ರಕ್ತದೊತ್ತಡದ ಅಂಕಣದ ಪಕ್ಕ ಮೂತ್ರದ ಆಲ್ಬುಮಿನ್‌ಗೂ ಕ್ರಿಯಾಟಿನಿನ್‌ಗೂ ಒಂದೊಂದು ಅಂಕಣ ಮುದ್ರಿಸಿ, ವರ್ಷಕ್ಕೊಮ್ಮೆಯಾದರೂ ತುಂಬಿಸಿ. ಬಿಪಿ ಮಾತ್ರೆ ನುಂಗುತ್ತಿರುವ ಸಭಿಕರಲ್ಲೂ ಒಂದು ಮಾತು: ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಐದು ನಿಮಿಷ ಸುಮ್ಮನೆ ಕುಳಿತು ಬಿಪಿ ನೋಡಿಸಿಕೊಳ್ಳಿ, ಮತ್ತು ನನ್ನ ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂದು ಬಾಯಿಬಿಟ್ಟು ಕೇಳಿ.